ಬಚ್ಚಲ ಒಲೆಗೆ ಸಲ್ಲದ ಪ್ಲಾಸ್ಟಿಕ್ಕು ಕಬ್ಬಿಣದ ಕುಲುಮೆಗೆ ಸಲ್ಲುವುದು ಹೇಗೆ?

ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗಳಿಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಗಳು ಕೊಯ್ಲಿನ ಹೊತ್ತಿಗೆ ರಾಶಿಯಾಗಿ ಅಂಗಳಕ್ಕೆ ಬರುತ್ತವೆ. ಕಾಫಿ ಸಸಿ ನೆಟ್ಟಾದ ಮೇಲೆ ಕಪ್ಪು ಪಾಲಿಥಿನ್ ಚೀಲಗಳು ಗುಂಡಿಯ ಪಕ್ಕದಲ್ಲೇ ಬಿದ್ದಿರುತ್ತವೆ. ಹರಿದ ಟಾರ್ಪಾಲು, ಒಡೆದ ಪೈಪು, ಇಲಿ ಕಡಿದ ಹನಿ ನೀರಾವರಿ ಕೊಳವೆ, ಗೊಬ್ಬರದ ಚೀಲ, ಔಷಧಿಯ ಡಬ್ಬಿ ಇವೆಲ್ಲ ಸೇರಿ ಇಂದು ಐದೆಕರೆಯ ತೋಟದಲ್ಲೂ ವರ್ಷಕ್ಕೊಂದು ರಾಶಿ ಏಳುತ್ತದೆ. ಈ ರಾಶಿ ಕೊನೆಗೆ ಹೋಗುವುದೆಲ್ಲಿಗೆ? ಒಂದಿಷ್ಟು ಹಳ್ಳಕ್ಕೆ, ಒಂದಿಷ್ಟು ತೋಟದ ಮೂಲೆಯ ಗುಂಡಿಗೆ, ಉಳಿದದ್ದು ಬಚ್ಚಲ ಒಲೆಗೆ ಅಥವಾ ಅಡಿಕೆ ಬೇಯಿಸುವ ಒಲೆಗೆ. ಹಸಿ ಸೌದೆ ಹೊತ್ತಿಸಲು ಇದರಷ್ಟು ಸುಲಭದ ವಸ್ತು ಬೇರೆ ಇಲ್ಲವೆಂದು ಹೇಳುವವರೂ ಇದ್ದಾರೆ.

ಪ್ಲಾಸ್ಟಿಕ್ಕು ಸುಡಬೇಡಿ ಎಂದು ಈ ಪುಟಗಳಲ್ಲಿ ಬರೆದಾಗಲೆಲ್ಲ ಸದಸ್ಯರಿಂದ ಒಂದು ಪ್ರಶ್ನೆ ಬರುವುದುಂಟು: “ಹೊರದೇಶಗಳಲ್ಲಿ ಕಬ್ಬಿಣದ ಕಾರ್ಖಾನೆಯವರೇ ಪ್ಲಾಸ್ಟಿಕ್ಕನ್ನು ಕುಲುಮೆಗೆ ಹಾಕುತ್ತಾರಂತೆ. ಅವರು ಸುಟ್ಟರೆ ಸರಿ, ನಾವು ಸುಟ್ಟರೆ ತಪ್ಪೇ?” ಪ್ರಶ್ನೆ ನ್ಯಾಯವಾದದ್ದು. ಕಬ್ಬಿಣದ ಕಾರ್ಖಾನೆಗಳು ಪ್ಲಾಸ್ಟಿಕ್ ಬಳಸಿದ್ದೂ ನಿಜ. ಆದರೆ ಕುಲುಮೆಯೊಳಗೆ ನಡೆಯುವ ಕೆಲಸವೂ ನಮ್ಮ ಒಲೆಯಲ್ಲಿ ನಡೆಯುವ ಕೆಲಸವೂ ಒಂದೇ ಅಲ್ಲ. ಆ ವ್ಯತ್ಯಾಸವೇನು, ಅದರಿಂದ ಬೆಳೆಗಾರರು ತಿಳಿಯಬೇಕಾದ್ದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಅದಿರಿನಿಂದ ಕಬ್ಬಿಣ

ಕಬ್ಬಿಣದ ಅದಿರು ಎಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿಕೊಂಡಿರುವ ಕಲ್ಲು. ತುಕ್ಕಿನದೇ ಜಾತಿ. ಅದರಿಂದ ಕಬ್ಬಿಣ ಪಡೆಯಬೇಕಾದರೆ ಆಮ್ಲಜನಕವನ್ನು ಎಳೆದು ತೆಗೆಯುವ ಇನ್ನೊಂದು ವಸ್ತು ಬೇಕು. ಬರಿಯ ಶಾಖ ಸಾಲದು. ಈ ಕೆಲಸಕ್ಕೆ ಜಗತ್ತಿನಲ್ಲೆಲ್ಲ ಇಂಗಾಲವನ್ನು ಬಳಸುತ್ತ ಬಂದಿದ್ದಾರೆ. ಹಿಂದೆ ಅದು ಸೌದೆಯ ಇದ್ದಿಲಾಗಿತ್ತು. ಈಗ ಬಹುತೇಕ ಕಡೆ ಕಲ್ಲಿದ್ದಲನ್ನು ಗಾಳಿಯಾಡದ ಗೂಡಿನಲ್ಲಿ ಕಾಯಿಸಿ ಪಡೆದ ಕೋಕ್.

ಮಲೆನಾಡಿನವರಿಗೆ ಇದು ಹೊಸ ವಿಷಯವಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಕಡೆಯಿಂದ ಅದಿರು ಬಂದರೆ, ಸುತ್ತಲಿನ ಕಾಡುಗಳಿಂದ ಸೌದೆ ಬರುತ್ತಿತ್ತು. ಆ ಸೌದೆಯನ್ನು ಇದ್ದಿಲು ಮಾಡಿ ಕುಲುಮೆಗೆ ಹಾಕುತ್ತಿದ್ದರು. ಕಲ್ಲಿದ್ದಲ ಗಣಿಗಳು ದೂರ, ಕಾಡು ಹತ್ತಿರ ಎಂಬುದೇ ಇದಕ್ಕೆ ಕಾರಣ. ಅದಿರಿನ ಆಮ್ಲಜನಕವನ್ನು ತೆಗೆಯಲು ಬೇಕಾದದ್ದು ಇಂಗಾಲ. ಅದು ಮರದಿಂದ ಬಂದರೂ ಆದೀತು, ಕಲ್ಲಿದ್ದಲಿನಿಂದ ಬಂದರೂ ಆದೀತು ಎಂಬುದಕ್ಕೆ ನಮ್ಮ ನೆರೆಯಲ್ಲೇ ಇದ್ದ ಉದಾಹರಣೆ ಇದು.

ಈ ದೃಷ್ಟಿಯಿಂದ ಪ್ಲಾಸ್ಟಿಕ್ಕನ್ನು ನೋಡಬೇಕು. ಕೊಟ್ಟೆ, ಸಸಿ ಚೀಲಗಳನ್ನು ಮಾಡುವ ಪಾಲಿಥಿನ್ನಿನಲ್ಲಿ ಇರುವುದು ಎರಡೇ ಮೂಲವಸ್ತು. ನೂರು ಕಿಲೋ ಪಾಲಿಥಿನ್ನಿನಲ್ಲಿ ಸುಮಾರು 86 ಕಿಲೋ ಇಂಗಾಲ, ಉಳಿದ 14 ಕಿಲೋ ಜಲಜನಕ. ಇವೆರಡೂ ಅದಿರಿನ ಆಮ್ಲಜನಕವನ್ನು ಎಳೆದುಕೊಳ್ಳಬಲ್ಲವು. ಇಂಗಾಲದ ಅನಿಲ ಆಮ್ಲಜನಕವನ್ನು ಹೀರಿ ಇಂಗಾಲಾಮ್ಲ ಅನಿಲವಾಗುತ್ತದೆ, ಜಲಜನಕ ನೀರಿನ ಆವಿಯಾಗುತ್ತದೆ. ಶುದ್ಧ ಪಾಲಿಥಿನ್ನಿನಲ್ಲಿ ಬೂದಿ ಇಲ್ಲವೆನ್ನುವಷ್ಟು ಕಡಿಮೆ. ಕಿಲೋ ಲೆಕ್ಕದಲ್ಲಿ ಅದರ ಶಾಖ ಕಲ್ಲಿದ್ದಲಿಗಿಂತ ಹೆಚ್ಚು. ಕಬ್ಬಿಣದ ಕಾರ್ಖಾನೆಯವರ ಕಣ್ಣು ಪ್ಲಾಸ್ಟಿಕ್ಕಿನ ಮೇಲೆ ಬಿದ್ದುದು ಇದೇ ಕಾರಣಕ್ಕೆ.

ಜರ್ಮನಿ, ಜಪಾನುಗಳ ಅನುಭವ

ಜರ್ಮನಿಯಲ್ಲಿ 1991ರಲ್ಲಿ ಪೊಟ್ಟಣ ಕಟ್ಟುವ ಸಾಮಗ್ರಿಗಳ ಬಗ್ಗೆ ಹೊಸ ಕಟ್ಟಳೆ ಬಂತು. ಸರಕಿನ ಜೊತೆ ಹೋದ ಡಬ್ಬಿ, ಚೀಲ, ಹೊದಿಕೆಗಳನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರ ಮತ್ತು ಮಾರಾಟಗಾರರ ಮೇಲೆ ಬಿತ್ತು. ಮನೆಮನೆಯಿಂದ ಪ್ಲಾಸ್ಟಿಕ್ ಒಟ್ಟಾಯಿತು. ಅದಕ್ಕೊಂದು ದಾರಿ ಬೇಕಾಯಿತು. ಬ್ರೆಮೆನ್ ನಗರದ ಉಕ್ಕಿನ ಕಾರ್ಖಾನೆ 1994–95ರ ಸುಮಾರಿಗೆ ತನ್ನ ಊದುಕುಲುಮೆಗೆ ಅದುವರೆಗೆ ಊದುತ್ತಿದ್ದ ಭಾರ ತೈಲದ ಒಂದು ಭಾಗವನ್ನು ಬಿಟ್ಟು, ಆ ಜಾಗದಲ್ಲಿ ಪ್ಲಾಸ್ಟಿಕ್ ಕಾಳುಗಳನ್ನು ಊದಲಾರಂಭಿಸಿತು.

ಜಪಾನಿನಲ್ಲಿ ಎನ್‌ಕೆಕೆ ಎಂಬ ಉಕ್ಕಿನ ಸಂಸ್ಥೆ ಕವಾಸಾಕಿ ನಗರದ ತನ್ನ ಕೇಹಿನ್ ಕಾರ್ಖಾನೆಯಲ್ಲಿ 1996ರ ಅಕ್ಟೋಬರಿನಲ್ಲಿ ಈ ಕೆಲಸ ಆರಂಭಿಸಿತು. ಮೊದಲು ಕಾರ್ಖಾನೆಗಳ ಪ್ಲಾಸ್ಟಿಕ್ ಕಸ, 2000ದಿಂದ ಮನೆಗಳ ಪ್ಲಾಸ್ಟಿಕ್ ಕಸ. ಈ ಸಂಸ್ಥೆ ಮುಂದೆ ಇನ್ನೊಂದರೊಡನೆ ಕೂಡಿ ಜೆಎಫ್‌ಇ ಸ್ಟೀಲ್ ಆಯಿತು. ಕೇಹಿನ್‌ನ ಊದುಕುಲುಮೆ 2023ರ ಸೆಪ್ಟೆಂಬರಿನಲ್ಲಿ ನಿಂತಿತು. ಅಂದರೆ ಕುಲುಮೆಯನ್ನೇ ನಂಬಿದ ವಿಲೇವಾರಿ ಕುಲುಮೆ ಇರುವವರೆಗೆ ಮಾತ್ರ. ಇದನ್ನೂ ನಾವು ಗಮನದಲ್ಲಿಡಬೇಕು.

ಜಪಾನಿನವರದೇ ಎರಡನೆಯ ದಾರಿ ಒಂದಿದೆ. ನಿಪ್ಪಾನ್ ಸ್ಟೀಲ್ ಸಂಸ್ಥೆ 2000ದಲ್ಲಿ ನಗೋಯಾ ಮತ್ತು ಕಿಮಿತ್ಸು ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕನ್ನು ಕೋಕ್ ಮಾಡುವ ಗೂಡಿಗೇ ಕಲ್ಲಿದ್ದಲಿನೊಡನೆ ಸೇರಿಸಿತು. ಗೂಡಿನೊಳಗೆ ಗಾಳಿ ಇಲ್ಲ. ಆದ್ದರಿಂದ ಅಲ್ಲಿ ಪ್ಲಾಸ್ಟಿಕ್ಕು ಉರಿಯುವುದಿಲ್ಲ, ಶಾಖಕ್ಕೆ ಒಡೆಯುತ್ತದೆ. ಹಾಕಿದ ಪ್ಲಾಸ್ಟಿಕ್ಕಿನಲ್ಲಿ ಸುಮಾರು 20 ಪಾಲು ಕೋಕ್ ಆಗಿ, 40 ಪಾಲು ಎಣ್ಣೆ ಮತ್ತು ಡಾಂಬರಾಗಿ, 40 ಪಾಲು ಅನಿಲವಾಗಿ ಹೊರಬರುತ್ತದೆ. ಆದರೆ ನೂರು ಕಿಲೋ ಕಲ್ಲಿದ್ದಲಿಗೆ ಸುಮಾರು ಒಂದು ಕಿಲೋ ಮಾತ್ರ ಸೇರಿಸುತ್ತಾರೆ. ಹೆಚ್ಚಾದರೆ ಕೋಕ್ ಬಲ ಕಳೆದುಕೊಂಡು ಪುಡಿಯಾಗುತ್ತದೆ.

ಹಳೆಯ ಕಬ್ಬಿಣವನ್ನು ವಿದ್ಯುತ್ತಿನಿಂದ ಕರಗಿಸುವ ಕುಲುಮೆಗಳಿಗೂ ಇಂತಹ ವಿಧಾನವಿದೆ. ಮುಂಬಯಿಯಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪ್ರಾಧ್ಯಾಪಕಿಯಾದ ವೀಣಾ ಸಹಜ್‌ವಾಲಾ ಅವರು ಕೋಕ್‌ನ ಒಂದು ಭಾಗಕ್ಕೆ ಬದಲಾಗಿ ಹಳೆಯ ಟೈರಿನ ರಬ್ಬರು ಮತ್ತು ಪ್ಲಾಸ್ಟಿಕ್ಕನ್ನು ಬಳಸುವ ಕ್ರಮ ರೂಪಿಸಿದರು. ಅಲ್ಲಿನ ಉಕ್ಕಿನ ಕಾರ್ಖಾನೆಗಳು ಅದನ್ನು ಆಚರಣೆಗೆ ತಂದವು.

ಕುಲುಮೆಯೊಳಗೆ ಏನಾಗುತ್ತದೆ?

ಊದುಕುಲುಮೆ ಹತ್ತಾರು ಮೀಟರು ಎತ್ತರದ ಗೂಡು. ಮೇಲಿನಿಂದ ಅದಿರು, ಕೋಕ್, ಸುಣ್ಣಕಲ್ಲು ಹಾಕುತ್ತಾರೆ. ಕೆಳಗೆ ಸುತ್ತಲೂ ಇರುವ ಊದುಗೊಳವೆಗಳಿಂದ ಸಾವಿರ ಡಿಗ್ರಿಗೂ ಮೀರಿ ಕಾದ ಗಾಳಿ ನುಗ್ಗುತ್ತದೆ. ಗಾಳಿ ಕೋಕ್‌ಗೆ ತಾಗುವ ಜಾಗದಲ್ಲಿ ಉಷ್ಣತೆ ಎರಡು ಸಾವಿರ ಡಿಗ್ರಿ ದಾಟುತ್ತದೆ. ಒಂದು ಟನ್ ಕಬ್ಬಿಣಕ್ಕೆ ಸುಮಾರು ಒಂದೂವರೆ ಟನ್ನಿಗೆ ಮೇಲ್ಪಟ್ಟು ಅದಿರು, ಕೋಕ್ ಮತ್ತು ಕಲ್ಲಿದ್ದಲು ಸೇರಿ ಸುಮಾರು ಅರ್ಧ ಟನ್ ಬೇಕಾಗುತ್ತದೆ.

ಪ್ಲಾಸ್ಟಿಕ್ಕನ್ನು ಮೇಲಿನಿಂದ ಸುರಿಯುವಂತಿಲ್ಲ. ಹಾಗೆ ಮಾಡಿದರೆ ಅದು ಅರ್ಧ ದಾರಿಯಲ್ಲೇ ಆವಿಯಾಗಿ ಮೇಲೆದ್ದು, ಅನಿಲದ ಕೊಳವೆಗಳಲ್ಲಿ ಡಾಂಬರಿನಂತೆ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಕೆಲವೇ ಮಿಲಿಮೀಟರಿನ ಕಾಳು ಮಾಡಿ, ಕೆಳಗಿನ ಊದುಗೊಳವೆಗಳ ಮೂಲಕ ಅತಿ ಬಿಸಿಯ ಜಾಗಕ್ಕೇ ನೇರವಾಗಿ ಊದುತ್ತಾರೆ. ಅಲ್ಲಿ ಅದು ಕ್ಷಣಮಾತ್ರದಲ್ಲಿ ಒಡೆದು ಇಂಗಾಲದ ಅನಿಲವೂ ಜಲಜನಕವೂ ಆಗುತ್ತದೆ. ಈ ಅನಿಲಗಳು ಮೇಲೇರುತ್ತ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಕುಲುಮೆಯ ತಲೆಯಿಂದ ಹೊರಬಂದ ಅನಿಲವನ್ನು ತೊಳೆದು ಮತ್ತೆ ಉರುವಲಾಗಿ ಬಳಸುತ್ತಾರೆ.

ಎಲ್ಲ ಕೋಕ್‌ಗೂ ಪ್ಲಾಸ್ಟಿಕ್ಕು ಬದಲಿಯಾಗಲಾರದು. ಕೋಕ್ ಉರುವಲು ಮಾತ್ರವಲ್ಲ, ಮೇಲಿನ ಅದಿರಿನ ಭಾರವನ್ನು ಹೊತ್ತು, ಅನಿಲ ಮೇಲೇರಲು ಸಂದು ಬಿಟ್ಟುಕೊಡುವ ಗಟ್ಟಿ ಹಾಸು ಕೂಡ ಅದೇ. ಮೆತ್ತಗಾಗುವ ಪ್ಲಾಸ್ಟಿಕ್ಕಿಗೆ ಆ ಕೆಲಸ ಸಾಧ್ಯವಿಲ್ಲ. ಆದ್ದರಿಂದ ಪ್ಲಾಸ್ಟಿಕ್ಕಿನ ಪಾಲು ಯಾವಾಗಲೂ ಸಣ್ಣದೇ.

ಒಲೆಗೂ ಕುಲುಮೆಗೂ ಇರುವ ಅಂತರ

ಈಗ ಸದಸ್ಯರ ಪ್ರಶ್ನೆಗೆ ಬರೋಣ. ಬಚ್ಚಲ ಒಲೆಯ ಬೆಂಕಿ ಕೆಲವು ನೂರು ಡಿಗ್ರಿಯದು. ಒಂದು ಕಡೆ ಉರಿ, ಇನ್ನೊಂದು ಕಡೆ ಹೊಗೆ. ಪ್ಲಾಸ್ಟಿಕ್ಕು ಅಲ್ಲಿ ಪೂರ್ತಿ ಒಡೆಯುವುದಿಲ್ಲ. ಅರೆಬೆಂದ ಭಾಗ ಮಸಿಯಾಗಿ, ವಿಷದ ಹೊಗೆಯಾಗಿ ಮನೆಯವರ ಮೂಗಿಗೇ ಬರುತ್ತದೆ. ಅದರಲ್ಲೂ ಪಿವಿಸಿ ಸೇರಿಕೊಂಡರೆ ಅಪಾಯ ಹೆಚ್ಚು. ನೂರು ಕಿಲೋ ಪಿವಿಸಿಯಲ್ಲಿ ಸುಮಾರು 57 ಕಿಲೋ ಕ್ಲೋರಿನ್ ಇರುತ್ತದೆ. ಸುಟ್ಟಾಗ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗುತ್ತದೆ. ಮಂದ ಬೆಂಕಿಯಲ್ಲಿ ಡಯಾಕ್ಸಿನ್ ಎಂಬ ವಿಷಗಳೂ ಹುಟ್ಟುತ್ತವೆ. ಇವು ಬೇಗ ನಾಶವಾಗದೆ ಮಣ್ಣಿನಲ್ಲಿ, ದನದ ಹಾಲಿನಲ್ಲಿ, ಮನುಷ್ಯನ ಕೊಬ್ಬಿನಲ್ಲಿ ಉಳಿಯುತ್ತವೆ. ಕ್ಯಾನ್ಸರಿಗೆ ಕಾರಣವಾಗಬಲ್ಲವು.

ಅಡಿಕೆ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಡಯಾಕ್ಸಿನ್ ಹುಟ್ಟುವುದನ್ನು ತಾಮ್ರ ಚುರುಕುಗೊಳಿಸುತ್ತದೆ. ನಾವು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ತಾಮ್ರದ ಲವಣವೇ. ಮೈಲುತುತ್ತದ ಖಾಲಿ ಚೀಲ, ದ್ರಾವಣ ಹಿಡಿದ ಪೈಪಿನ ತುಂಡು, ಒಡೆದ ಪಿವಿಸಿ ಕೊಳವೆ ಇವನ್ನೆಲ್ಲ ಒಟ್ಟಿಗೆ ಒಲೆಗೆ ತುರುಕಿದರೆ, ಈ ವಿಷ ತಯಾರಾಗಲು ಬೇಕಾದ ಸಾಮಗ್ರಿಯನ್ನೆಲ್ಲ ನಾವೇ ಕೂಡಿಸಿಕೊಟ್ಟಂತಾಗುತ್ತದೆ. ಆ ಬೂದಿಯನ್ನು ತೆಂಗಿನ ಬುಡಕ್ಕೂ ಬಸಳೆ ಚಪ್ಪರದ ಬುಡಕ್ಕೂ ಹಾಕುವ ರೂಢಿ ನಮ್ಮಲ್ಲಿದೆ. ಬಚ್ಚಲ ಬೂದಿ ಒಳ್ಳೆಯ ಗೊಬ್ಬರವೆಂಬುದು ಸೌದೆಯ ಬೂದಿಯ ಮಟ್ಟಿಗೆ ನಿಜವಾದ ಮಾತು, ಪ್ಲಾಸ್ಟಿಕ್ಕು ಸೇರಿದ ಬೂದಿಗೆ ಅದು ಸಲ್ಲುವುದಿಲ್ಲ. ಕಾಫಿ ಬೀಜವಂತೂ ಸುತ್ತಲಿನ ವಾಸನೆಯನ್ನು ಬೇಗ ಹೀರುವ ಸರಕು. ಕಣದ ಪಕ್ಕದಲ್ಲಿ ಪ್ಲಾಸ್ಟಿಕ್ ಸುಟ್ಟರೆ ನಷ್ಟ ನೇರವಾಗಿ ನಮ್ಮ ಬಟ್ಟಲಿಗೇ ಬರುತ್ತದೆ.

ಊದುಕುಲುಮೆಯಲ್ಲಿ ಉಷ್ಣತೆ ಹೆಚ್ಚು, ಅನಿಲ ಬಯಲಿಗೆ ಹೋಗುವುದಿಲ್ಲ, ಒಡೆದ ಇಂಗಾಲಕ್ಕೆ ಅಲ್ಲಿ ಮಾಡಲು ಕೆಲಸವಿದೆ. ಅಂತರ ಇಷ್ಟೇ ಅಲ್ಲ. ಕಾರ್ಖಾನೆಯವರೂ ಸಿಕ್ಕಿದ್ದನ್ನೆಲ್ಲ ಕುಲುಮೆಗೆ ಹಾಕುವುದಿಲ್ಲ. ಕೇಹಿನ್‌ನಲ್ಲಿ ಬಂದ ಪ್ಲಾಸ್ಟಿಕ್ಕನ್ನು ಮೊದಲು ತೆಳು ಹಾಳೆ ಬೇರೆ, ಗಟ್ಟಿ ವಸ್ತು ಬೇರೆ ಎಂದು ವಿಂಗಡಿಸುತ್ತಿದ್ದರು. ಪಿವಿಸಿಯನ್ನು ಬೇರ್ಪಡಿಸುತ್ತಿದ್ದರು, ಏಕೆಂದರೆ ಕ್ಲೋರಿನ್ನಿನಿಂದ ಹುಟ್ಟುವ ಆಮ್ಲ ಕೊಳವೆಗಳನ್ನು ತಿಂದುಹಾಕುತ್ತದೆ. ಗಟ್ಟಿ ವಸ್ತುವನ್ನು ಪುಡಿ ಮಾಡಿ, ತೆಳು ಹಾಳೆಯನ್ನು ಮೆತ್ತಗಾಗಿಸಿ ಕಾಳು ಕಟ್ಟಿ, ಆಮೇಲೆ ಕುಲುಮೆಗೆ. ತಾಮ್ರವೂ ಅವರಿಗೆ ಬೇಡ. ಕರಗಿದ ಕಬ್ಬಿಣಕ್ಕೆ ಸೇರಿದ ತಾಮ್ರವನ್ನು ಹೊರತೆಗೆಯಲು ಸುಲಭದ ಉಪಾಯವಿಲ್ಲ, ಕಾದ ಉಕ್ಕನ್ನು ತಗಡು ಮಾಡುವಾಗ ಅದು ಬಿರುಕಿಗೆ ಕಾರಣವಾಗುತ್ತದೆ. ಮಣ್ಣೂ ಬೇಡ. ಮಣ್ಣು ಕರಗಿ ಕಿಟ್ಟವಾಗಲು ಹೆಚ್ಚಿನ ಸುಣ್ಣಕಲ್ಲು, ಹೆಚ್ಚಿನ ಶಾಖ ಬೇಕು.

ಹೀಗಾಗಿ ಎರಡು ಸಾವಿರ ಡಿಗ್ರಿಯ ಕುಲುಮೆಗೂ ವಿಂಗಡಿಸಿದ, ಒಣಗಿದ, ಶುಚಿಯಾದ ಪ್ಲಾಸ್ಟಿಕ್ಕೇ ಬೇಕು. ಬೆಂಕಿ ಎಲ್ಲವನ್ನೂ ಶುದ್ಧಿ ಮಾಡುತ್ತದೆಂಬ ನಂಬಿಕೆ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಸಲ್ಲದು.

ನಮಗೆ ಇದರಿಂದ ಏನು?

ನಮ್ಮ ದೇಶ ಕೋಕ್ ಮಾಡುವ ಕಲ್ಲಿದ್ದಲಿನ ಬಹುಪಾಲನ್ನು ಆಸ್ಟ್ರೇಲಿಯಾ ಮುಂತಾದ ಕಡೆಗಳಿಂದ ತರಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿನ ಕುಲುಮೆಗಳಿಗೂ ಈ ವಿಚಾರ ದೂರದ್ದಲ್ಲ. ಆದರೆ ಇಂದು ನಮ್ಮಲ್ಲಿ ಮರುಬಳಕೆಗೆ ಬಾರದ ಪ್ಲಾಸ್ಟಿಕ್ಕಿಗೆ ಹೆಚ್ಚಾಗಿ ತೆರೆದಿರುವ ದಾರಿಗಳು ಸಿಮೆಂಟು ಗೂಡು ಮತ್ತು ರಸ್ತೆಯ ಡಾಂಬರು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೂ ಮೊದಲು ಮರುಬಳಕೆ, ಅದು ಆಗದಿದ್ದರೆ ಇಂತಹ ಉಪಯೋಗ ಎಂಬ ಕ್ರಮವನ್ನೇ ಹೇಳಿದವು. ಸಿಮೆಂಟು ಗೂಡಿಗೂ ಕ್ಲೋರಿನ್ ವೈರಿಯೇ. ಕೊನೆಯ ಗೂಡು ಕಬ್ಬಿಣದ್ದಾಗಲಿ, ಸಿಮೆಂಟಿನದಾಗಲಿ, ಹಳೆಯ ಪಾಲಿಥಿನ್ ಕರಗಿಸಿ ಕಪ್ಪು ಪೈಪು ಮಾಡುವವರದಾಗಲಿ, ಅವರೆಲ್ಲರ ಬೇಡಿಕೆ ಒಂದೇ: ಪಿವಿಸಿ ಬೇರೆ, ಮಣ್ಣಿಲ್ಲ, ನೀರಿಲ್ಲ. ಈ ಕೆಲಸ ಅಗ್ಗವಾಗಿ ಆಗುವುದು ತೋಟದಲ್ಲಿ ಮಾತ್ರ. ಎಲ್ಲ ಬೆರೆತು ಲಾರಿ ಹತ್ತಿದ ಮೇಲೆ ಅದನ್ನು ಬೇರ್ಪಡಿಸುವ ಖರ್ಚು ಪ್ಲಾಸ್ಟಿಕ್ಕಿನ ಬೆಲೆಯನ್ನೇ ಮೀರಬಹುದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕುಲುಮೆಗೆ ಹೋದ ಪ್ಲಾಸ್ಟಿಕ್ಕು ಮತ್ತೆ ಪ್ಲಾಸ್ಟಿಕ್ಕಾಗಿ ಬರುವುದಿಲ್ಲ. ಒಂದು ಕಿಲೋ ಪಾಲಿಥಿನ್ನಿನ ಇಂಗಾಲ ಕೊನೆಗೆ ಮೂರು ಕಿಲೋಗೂ ಮೀರಿದ ಇಂಗಾಲಾಮ್ಲ ಅನಿಲವಾಗಿ ಗಾಳಿಗೆ ಸೇರುತ್ತದೆ. ಉಳಿತಾಯವೇನಿದ್ದರೂ ಅಷ್ಟರ ಮಟ್ಟಿಗೆ ಉಳಿದ ಕಲ್ಲಿದ್ದಲಿನದು. ಆದ್ದರಿಂದ ಕುಲುಮೆ ಇದೆಯಲ್ಲ ಎಂದು ಪ್ಲಾಸ್ಟಿಕ್ಕನ್ನು ಧಾರಾಳವಾಗಿ ಬಳಸುವುದು ಸರಿಯಲ್ಲ. ಕೊಟ್ಟೆಯನ್ನು ಹರಿಯದಂತೆ ಬಿಚ್ಚಿ ಇನ್ನೊಂದು ವರ್ಷ ಕಟ್ಟುವುದು, ಸಸಿ ಚೀಲದ ಬದಲು ಮತ್ತೆ ಮತ್ತೆ ಬಳಸಬಹುದಾದ ತಟ್ಟೆಗಳನ್ನು ಆದಷ್ಟು ಉಪಯೋಗಿಸುವುದು ಎಲ್ಲಕ್ಕಿಂತ ಮೇಲು.

ಬೆಳೆಗಾರರು ಮಾಡಬೇಕಾದ್ದು

1. ತೋಟದ ಪ್ಲಾಸ್ಟಿಕ್ಕನ್ನು ಮೂರು ಚೀಲಗಳಲ್ಲಿ ಬೇರೆ ಬೇರೆ ಇಡಿ. ಒಂದರಲ್ಲಿ ಕೊಟ್ಟೆ, ಸಸಿ ಚೀಲ, ಕಪ್ಪು ಲ್ಯಾಟರಲ್ ಪೈಪು, ತೊಳೆದ ಗೊಬ್ಬರದ ಚೀಲ. ಇನ್ನೊಂದರಲ್ಲಿ ಪಿವಿಸಿ ಪೈಪು, ಅದರ ಬೆಂಡು, ಜೋಡಣೆ ತುಂಡುಗಳು, ಹಳೆಯ ಮಳೆಕೋಟು. ಮೂರನೆಯದರಲ್ಲಿ ಔಷಧಿಯ ಡಬ್ಬಿಗಳು.

2. ಯಾವುದೆಂದು ತಿಳಿಯದಿದ್ದರೆ ಚಿಕ್ಕ ತುಂಡೊಂದನ್ನು ಕತ್ತರಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಅಂಟಿದ ಗಾಳಿಗುಳ್ಳೆಗಳನ್ನು ಒರಸಿ ಬಿಡಿ. ಪಾಲಿಥಿನ್ ಮತ್ತು ಪಾಲಿಪ್ರೊಪಿಲಿನ್ ತೇಲುತ್ತವೆ. ಪಿವಿಸಿಯೂ ನೀರಿನ ಬಾಟಲಿಯ ಪ್ಲಾಸ್ಟಿಕ್ಕೂ ಮುಳುಗುತ್ತವೆ. ಕೆಲವು ವಸ್ತುಗಳ ತಳದಲ್ಲಿ ತ್ರಿಕೋನದೊಳಗೆ ಅಂಕಿ ಇರುತ್ತದೆ. 2, 4, 5 ಇದ್ದರೆ ಮೊದಲ ಚೀಲಕ್ಕೆ. 3 ಎಂದರೆ ಪಿವಿಸಿ.

3. ಮಣ್ಣು ಕೊಡವಿ, ಒಣಗಿಸಿ, ಸುತ್ತಿ ಕಟ್ಟಿ. ಸಸಿ ಚೀಲದ ತೂಕಕ್ಕಿಂತ ಅದಕ್ಕಂಟಿದ ಮಣ್ಣಿನ ತೂಕವೇ ಹೆಚ್ಚಾಗುವುದುಂಟು. ನೆಡುವ ದಿನವೇ ಚೀಲಗಳನ್ನು ಆರಿಸಿ ತಂದರೆ ಈ ಕೆಲಸ ಹಗುರ.

4. ಔಷಧಿಯ ಡಬ್ಬಿಯನ್ನು ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪರಣೆಯ ಡ್ರಮ್ಮಿಗೇ ಸುರಿಯಿರಿ. ಮತ್ತೆ ಯಾರೂ ನೀರು ತುಂಬಿಸದಂತೆ ತೂತು ಮಾಡಿ ಬೇರೆಯಾಗಿಯೇ ಇಡಿ. ಮೈಲುತುತ್ತದ ಚೀಲವನ್ನೂ ದ್ರಾವಣ ಮಾಡುವ ನೀರಿನಲ್ಲೇ ಜಾಲಿಸಿ.

5. ಯಾವ ಪ್ಲಾಸ್ಟಿಕ್ಕನ್ನೂ ಒಲೆಗೆ ಹಾಕಬೇಡಿ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿತು. ದಂಡದ ಭಯಕ್ಕಿಂತ ಮನೆಯ ಮಕ್ಕಳ ಎದೆಗೂಡಿನ ಚಿಂತೆ ದೊಡ್ಡದು.

ಸಹಕಾರಿ ಸಂಘದ ಪಾಲು

ಒಬ್ಬ ಸಣ್ಣ ಬೆಳೆಗಾರನ ಒಂದು ಚೀಲ ಕೊಟ್ಟೆಯನ್ನು ಕೊಳ್ಳಲು ಯಾರೂ ಘಟ್ಟ ಹತ್ತಿ ಬರುವುದಿಲ್ಲ. ಪ್ಲಾಸ್ಟಿಕ್ಕು ಹಗುರ, ಜಾಗ ಹೆಚ್ಚು. ಬಿಡಿಬಿಡಿಯಾಗಿ ತುಂಬಿದ ಲಾರಿ ಗಾಳಿಯನ್ನೇ ಹೊತ್ತು ಹೋಗುತ್ತದೆ, ಬಾಡಿಗೆ ಮಾತ್ರ ಪೂರ್ತಿ. ಅಡಿಕೆಯ ಮಾರಾಟದಲ್ಲಿ ಸಣ್ಣ ಬೆಳೆಗಾರನಿಗೆ ಸಹಕಾರ ಏಕೆ ಬೇಕಾಯಿತೋ ಅದೇ ಕಾರಣಕ್ಕೆ ಇಲ್ಲಿಯೂ ಬೇಕು.

ಆದ್ದರಿಂದ ಸದಸ್ಯರ ಮುಂದೆ ಒಂದು ಸಲಹೆ ಇಡುತ್ತಿದ್ದೇವೆ. ಸಂಘದ ಪ್ರತಿ ಡಿಪೋದಲ್ಲಿ ವರ್ಷಕ್ಕೆ ಎರಡು ದಿನ, ಸಸಿ ನೆಡುವ ಕೆಲಸ ಮುಗಿದ ಮೇಲೊಂದು, ಕೊಟ್ಟೆ ಬಿಚ್ಚಿದ ಮೇಲೊಂದು, ಒಣಗಿಸಿ ವಿಂಗಡಿಸಿದ ಪ್ಲಾಸ್ಟಿಕ್ಕನ್ನು ತೂಗಿ ತೆಗೆದುಕೊಳ್ಳುವ ಏರ್ಪಾಡಾಗಲಿ. ಗೊಬ್ಬರ ಇಳಿಸಿದ ಲಾರಿಗಳು ಎಷ್ಟೋ ಸಲ ಖಾಲಿಯಾಗಿ ಹಿಂದಿರುಗುತ್ತವೆ. ಒತ್ತಿ ಕಟ್ಟಿದ ಮೂಟೆಗಳನ್ನು ಅವುಗಳಲ್ಲೇ ಕಳಿಸಬಹುದು. ಪಂಚಾಯಿತಿಗಳು ಕೂಡಿ ನಡೆಸುವ ಒಣಕಸದ ಘಟಕ ಹತ್ತಿರವಿದ್ದರೆ ಅವರೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣಕಸವನ್ನು ಒಂದೆಡೆ ತಂದು ವಿಂಗಡಿಸುವ ಘಟಕ ಸ್ಥಾಪಿಸಿದ್ದು ನಮಗೆ ಮೇಲ್ಪಂಕ್ತಿಯಾಗಬಲ್ಲದು.

ಇದರಿಂದ ದೊಡ್ಡ ಆದಾಯ ಬರುವುದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಶುಚಿಯಾದ ಪಾಲಿಥಿನ್ನಿಗೆ ನಾಲ್ಕು ಕಾಸು ಸಿಕ್ಕೀತು, ಉಳಿದದ್ದಕ್ಕೆ ಸಾಗಾಣಿಕೆಯ ಖರ್ಚನ್ನು ಸಂಘವೇ ಭರಿಸಬೇಕಾದೀತು. ಆ ಖರ್ಚು ಎಷ್ಟೆಂದು ಮೊದಲು ತಿಳಿಯಬೇಕು. ಅದಕ್ಕಾಗಿ ಸದಸ್ಯರು ಈ ವರ್ಷ ತಮ್ಮ ತೋಟದಲ್ಲಿ ಎದ್ದ ಪ್ಲಾಸ್ಟಿಕ್ಕನ್ನು ಮೇಲಿನ ಮೂರು ಬಗೆಯಾಗಿ ತೂಗಿ, ಎಷ್ಟೆಷ್ಟು ಕಿಲೋ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು, ಸಮೀಪದ ಡಿಪೋದ ಗುಮಾಸ್ತರಲ್ಲಿ ಕೊಡಬೇಕಾಗಿ ಕೋರುತ್ತೇವೆ. ಕಾರ್ಡುಗಳು ಸಾಕಷ್ಟು ಬಂದರೆ ಲೆಕ್ಕ ಹಾಕಿ ವಾರ್ಷಿಕ ಮಹಾಸಭೆಯ ಮುಂದಿಡಲು ಅನುಕೂಲವಾಗುತ್ತದೆ. ಅಲ್ಲಿಯವರೆಗೆ ಕಟ್ಟಿಟ್ಟ ಚೀಲಗಳನ್ನು ಮಳೆ ತಾಗದಂತೆ ಕೊಟ್ಟಿಗೆಯ ಅಟ್ಟದಲ್ಲಿಡಿ.